ಕೋತಿ ತಿಂದ ಹೆಬ್ಬಾತು

ನಾನು ಮೂವತ್ತೊಂದು ವರ್ಷ ವೋರ್ಕುಮ್ ಊರಿನ ಸೇತುವೆ ಕಾಯ್ದವನು. ಕಾಲುವೆಯಲ್ಲಿ ದೋಣಿ ಬಂದರೆ ಸೇತುವೆ ಎತ್ತುವುದು, ದಾಟಿದ ಮೇಲೆ ಇಳಿಸುವುದು, ಅಷ್ಟೇ ಕೆಲಸ. ಅರ್ಧ ಮೈಲಿ ದೂರದ ಹಾಯಿ ನೋಡಿ ದೋಣಿ ಯಾರದೆಂದು ಹೇಳುತ್ತಿದ್ದೆ. ಅಂಥವನಿಗೆ, ನಿವೃತ್ತನಾಗಿ ಕಂಪ್ಯೂಟರ್ ಮುಂದೆ ಕೂತ ಮೇಲೆ, ಹದಿನಾಲ್ಕು ಇಂಚಿನ ಪರದೆಯಲ್ಲಿ ಒಂದು ಬಾಣ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ.

"ಹೋಯ್ತು," ಎನ್ನುತ್ತಿದ್ದೆ.

"ಏನು ಹೋಯ್ತು?" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಡ್ಯೂಕೆ ಕೇಳುತ್ತಿದ್ದಳು.

"ಬಾಣ."

"ಮೌಸ್ ಅಲ್ಲಾಡಿಸು, ಕಾಣುತ್ತೆ."

"ಅಲ್ಲಾಡಿಸ್ತಾನೇ ಇದೀನಿ. ಅದೂ ಎಲ್ಲೋ ಅಲ್ಲಾಡ್ತಾ ಇರ್ಬೇಕು, ನನ್ನ ಕಣ್ಣಿಗೆ ಬೀಳ್ತಿಲ್ಲ."

ಅವಳು ಕೈ ಒರೆಸಿಕೊಂಡು ಬಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿ ಹೋಗುತ್ತಿದ್ದಳು. ಒಂದು ಭಾನುವಾರ ಹೀಗೆ ಹನ್ನೊಂದು ಸಲ ಬಂದಳು. ಹನ್ನೆರಡನೆಯ ಸಲ ಬರಲಿಲ್ಲ. "ನಿನಗೊಂದು ವ್ಯವಸ್ಥೆ ಮಾಡ್ತೀನಿ ಇರು," ಎಂದು ಅಲ್ಲಿಂದಲೇ ಹೇಳಿದಳು. ಆ ದನಿ ನನಗೆ ಗೊತ್ತು. ಅದೇ ದನಿಯಲ್ಲಿ ಹೇಳಿ ಒಮ್ಮೆ ಮನೆಯ ಮಾಡನ್ನು ಒಬ್ಬಳೇ ರಿಪೇರಿ ಮಾಡಿದ್ದಳು.

ಡ್ಯೂಕೆ ಆಗ ಹಾಲಿನ ಡೇರಿಯ ಕಚೇರಿಯಲ್ಲಿ ಟೈಪಿಸ್ಟ್. ವಯಸ್ಸು ಐವತ್ತೇಳು. ಕಚೇರಿಗೆ ಕಂಪ್ಯೂಟರ್ ಬಂದಾಗ ಅದರ ಜೊತೆ ಬಂದ ದಪ್ಪ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲವೆಂದು ಮನೆಗೆ ತಂದು, ಬೇರೆಯವರು ಕಾದಂಬರಿ ಓದುವ ಹಾಗೆ ಓದಿ ಮುಗಿಸಿದ್ದಳು. ಗುರುವಾರ ಸಂಜೆ ಶಾಲೆಯ ಕೋಣೆಯಲ್ಲಿ ಸೇರುವ ಕಂಪ್ಯೂಟರ್ ಸಂಘಕ್ಕೂ ಹೋಗುತ್ತಿದ್ದಳು. ಅಲ್ಲಿ ಗಂಡಸರು ಇಪ್ಪತ್ತು ಜನ, ಹೆಂಗಸು ಇವಳೊಬ್ಬಳೇ. ಆದ್ದರಿಂದ ಯಾರೂ ಬಾಯಿಬಿಟ್ಟು ಹೇಳದೆಯೇ ಕಾಫಿ ಮಾಡುವ ಕೆಲಸ ಇವಳ ಪಾಲಿಗೆ ಬಂದಿತ್ತು.

ಆ ಗುರುವಾರಗಳ ಸಡಗರವನ್ನು ಈಗಿನವರಿಗೆ ಹೇಗೆ ಹೇಳಲಿ. ಒಬ್ಬೊಬ್ಬರ ಕೋಟಿನ ಜೇಬಿನಲ್ಲೂ ಹತ್ತು ಫ್ಲಾಪಿ. ಅಳಿಸಿದ ಕಡತವನ್ನು ಮತ್ತೆ ಎಬ್ಬಿಸುವ ಪ್ರೋಗ್ರಾಮು, ದೊಡ್ಡ ಕಡತವನ್ನು ಹಿಂಡಿ ಚಿಕ್ಕದು ಮಾಡುವುದು, ಪರದೆಯ ಮೂಲೆಯಲ್ಲಿ ಗಡಿಯಾರ ಕೂರಿಸುವುದು, ಸುಮ್ಮನೆ ಬಿಟ್ಟರೆ ಮೀನು ಈಜಿಸುವುದು. ಯಾವನೋ ಕಾಣದ ಊರಿನವನು ತನ್ನ ಕಾಟ ತಪ್ಪಿಸಿಕೊಳ್ಳಲು ಬರೆದದ್ದು, ಇನ್ನೊಬ್ಬನಿಗೂ ಆಗಲಿ ಎಂದು ಬಿಟ್ಟದ್ದು. ಕೆಲವು ಪೂರ್ತಿ ಬಿಟ್ಟಿ. ಕೆಲವು ತಿಂಗಳು ಬಳಸಿ ನೋಡಿ ಇಷ್ಟವಾದರೆ ಹಣ ಕಳಿಸಿ ಎನ್ನುವಂಥವು. ಸಂಘದ ಅಧ್ಯಕ್ಷ ವೀಬೆ ಅವನ್ನೆಲ್ಲ ಅಕ್ಷರದ ಕ್ರಮದಲ್ಲಿ ಡಬ್ಬಗಳಲ್ಲಿ ಜೋಡಿಸಿಟ್ಟಿದ್ದ. ತಾನೇ ಬರೆದವನ ಹಾಗೆ ಹಂಚುತ್ತಿದ್ದ.

ಮೂರು ವಾರ ಕಳೆದ ಮೇಲೆ ಡ್ಯೂಕೆ ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದಳು. "ಕಂಟ್ರೋಲ್, ಆಲ್ಟ್, ಕ್ಯೂ. ಮೂರನ್ನೂ ಒಟ್ಟಿಗೆ ಒತ್ತು."

ಒತ್ತಿದೆ. ಪರದೆಯ ಎಡ ಅಂಚಿನಿಂದ ಒಂದು ಹೆಬ್ಬಾತು ತಲೆ ಹಾಕಿತು. ಆಚೆ ಈಚೆ ನೋಡಿತು. ಆಮೇಲೆ ಕುಂಡೆ ಕುಣಿಸುತ್ತ ನೇರ ನಡೆದು ಬಂದು, ಬಲಗಡೆ ಮೇಲ್ಗಡೆ ಅಡಗಿದ್ದ ಬಾಣದ ಪಕ್ಕ ನಿಂತು, ಕೊಕ್ಕಿನಿಂದ ತೋರಿಸಿ, ಒಂದು ಸಲ ಕೂಗಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಕೂಗಿದ್ದು ನಾನು. ಹುಡುಗನಾಗಿದ್ದಾಗ ಅಪ್ಪನ ಜೊತೆ ಹುಲ್ಲುಗಾವಲಿನಲ್ಲಿ ಹೆಬ್ಬಾತುಗಳ ದನಿ ಅನುಕರಿಸುವುದನ್ನು ಕಲಿತಿದ್ದೆ. ಯಾತಕ್ಕೆಂದು ಹೇಳದೆ ಡ್ಯೂಕೆ ನನ್ನಿಂದ ಹದಿನೇಳು ಸಲ ಮೈಕಿನಲ್ಲಿ ಕೂಗಿಸಿದ್ದಳು.

ಆ ದಿನ ನಾನು ಅದನ್ನು ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ. ಬಾಣ ಕಣ್ಣೆದುರೇ ಇದ್ದಾಗಲೂ ಕರೆದೆ.

ಗುರುವಾರ ಅವಳು ಸಂಘದಲ್ಲಿ ಅದನ್ನು ತೋರಿಸಿದಾಗ ವೀಬೆ ಗಡ್ಡ ಕೆರೆದುಕೊಂಡ. "ಮೂವತ್ತು ದಿನ ಬಿಟ್ಟಿ ಇರ್ಲಿ. ಆಮೇಲೆ ಹದಿನೈದು ಗಿಲ್ಡರ್ ಕಳಿಸಿ ಅಂತ ದಿನಾ ಪರದೆ ಮೇಲೆ ಒಂದು ಚೌಕ ಎದ್ದು ಕೂತ್ಕೋಬೇಕು. ಆಗ ಜನ ಬೆಲೆ ಕೊಡ್ತಾರೆ."

"ತಮ್ಮ ಬಾಣ ತಾವು ಹುಡುಕ್ಕೊಳ್ಳೋಕೆ ಜನ ದುಡ್ಡು ಯಾಕೆ ಕೊಡ್ಬೇಕು?" ಎಂದಳು ಡ್ಯೂಕೆ.

"ಹಾಗಾದ್ರೆ ಅದು ಆಟದ ಸಾಮಾನು. ಉಪಯೋಗದ್ದು ಅಂತ ಹೇಗೆ ಹೇಳೋದು?" ಎಂದವನು ಲೋಟ ಮುಂದೆ ಹಿಡಿದ. "ಕಾಫಿ ಇನ್ನೂ ಉಳಿದಿದೆಯಾ?"

ಅವಳು ಕಾಫಿ ಹಾಕಿ ಮನೆಗೆ ಬಂದು, ಪ್ರೋಗ್ರಾಮಿನ ಜೊತೆ ಹೋಗುವ ಓದೋಲೆಯನ್ನು ಬರೆದಳು. ನಾಲ್ಕೇ ಮಾತು. ಇದು ಬಿಟ್ಟಿ. ಯಾರಿಗೆ ಬೇಕಾದರೂ ಕೊಡಿ. ಇಷ್ಟವಾದರೆ ಒಂದು ಅಂಚೆ ಕಾರ್ಡು ಹಾಕಿ. ಕಾಟ ಕೊಟ್ಟರೆ ಮನೆಗೆ ಬನ್ನಿ, ಕೂತು ಸರಿಮಾಡೋಣ, ಕಾಫಿ ಇರುತ್ತದೆ. ಕೆಳಗೆ ಮನೆಯ ವಿಳಾಸ.

"ವಿಳಾಸ ಯಾಕೆ ಹಾಕ್ತೀಯಾ?" ಎಂದೆ.

"ಕಾರ್ಡು ಬರೋದು ಬೇಡವಾ?"

"ಮನೆಗೆ ಬನ್ನಿ ಅಂದಿದೀಯಲ್ಲ."

"ಒಂದು ಬಾತುಕೋಳಿ ವಿಷಯಕ್ಕೆ ಯಾರು ಮಾರಾಯ ಬರ್ತಾರೆ?"

ಮೊದಮೊದಲು ವಾರಕ್ಕೊಂದು ಕಾರ್ಡು ಬಂತು. ಫ್ಲಾಪಿಯಿಂದ ಫ್ಲಾಪಿಗೆ, ಟೆಲಿಫೋನ್ ತಂತಿಯಿಂದ ತಂತಿಗೆ ಹೆಬ್ಬಾತು ನಡೆದು ಹೋಗುತ್ತಿತ್ತು. ಚಳಿಗಾಲ ಮುಗಿಯುವಾಗ ಜರ್ಮನಿಯ ಒಂದು ಪತ್ರಿಕೆ ಅದನ್ನು ತನ್ನ ಸಿ.ಡಿ.ಯಲ್ಲಿ ಬೇರೆ ಆರುನೂರು ಪ್ರೋಗ್ರಾಮುಗಳ ಜೊತೆ ಸೇರಿಸಿತು. ಆಮೇಲೆ ಅಂಚೆಯವನು ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ತರತೊಡಗಿದ. ಡ್ಯೂಕೆ ಅಡುಗೆಮನೆಯ ಉದ್ದಕ್ಕೆ ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ಪಿನಲ್ಲಿ ತೂಗು ಹಾಕಿದಳು. ಬೆಟ್ಟ, ದೀಪಸ್ತಂಭ, ಬೀದಿ, ಹಡಗು. ಒಲೆ ಹತ್ತಿಸಲು ಹೋದರೆ ಹಣೆಗೆ ಬರ್ಗನ್ ಬಂದರು ತಾಗುತ್ತಿತ್ತು. ಬ್ರೇಮನ್‌ನ ಒಬ್ಬ ಜರ್ಮನ್ ಮುದುಕಿ ಬರೆದಿದ್ದಳು: "ನಾನು ಕರೆಯದಿದ್ದರೂ ಆಗಾಗ ತಾನೇ ಬರುತ್ತದೆ. ಎಷ್ಟು ಪ್ರೀತಿ ಅದಕ್ಕೆ." ಡ್ಯೂಕೆ ಅದನ್ನು ಓದಿ ಮುಖ ಕೆಂಪಗಾಗಿಸಿಕೊಂಡಳು. ಹೊಗಳಿಕೆ ಎಂದೇ ಇಬ್ಬರೂ ತಿಳಿದೆವು.

ಮೇ ತಿಂಗಳ ಮೊದಲಲ್ಲಿ ಗಡಿಯಾಚೆ ಜರ್ಮನಿಯ ಲೇರ್ ಊರಿನಿಂದ ಒಂದು ಕಾರ್ಡು ಬಂತು. ಮುತ್ತು ಪೋಣಿಸಿದಂಥ ಅಕ್ಷರ. "ಗೌರವಾನ್ವಿತರೇ, ನಿಮ್ಮ ಹೆಬ್ಬಾತು ನಮ್ಮ ಕೋತಿಯನ್ನು ತಿನ್ನುತ್ತಿದೆ. ನಿಮ್ಮ ನಾಲ್ಕನೆಯ ಮಾತಿನ ಪ್ರಕಾರ ಹನ್ನೊಂದನೆಯ ತಾರೀಖು ಶನಿವಾರ ಹತ್ತು ಗಂಟೆಗೆ ಬರುತ್ತೇವೆ. ಮೂವತ್ತೆಂಟು ಜನ. ಕೇಕಿನ ತೊಂದರೆ ತೆಗೆದುಕೊಳ್ಳಬೇಡಿ. ರೋಸ್ವಿತಾ ಯಾನ್ಸನ್, ಕಾರ್ಯದರ್ಶಿ."

"ಮೃಗಾಲಯದವರಾ?" ಎಂದೆ.

"ಯಾರೋ ತಮಾಷೆ ಮಾಡಿದಾರೆ," ಎಂದು ಡ್ಯೂಕೆ ಅದನ್ನೂ ಹಗ್ಗಕ್ಕೆ ಸಿಕ್ಕಿಸಿದಳು.

ಹನ್ನೊಂದನೆಯ ತಾರೀಖು ಹತ್ತಕ್ಕೆ ಐದು ನಿಮಿಷವಿರುವಾಗ ನಮ್ಮ ಕಿಟಕಿಯ ಬೆಳಕು ಹೋಯಿತು. ಪರದೆ ಸರಿಸಿದರೆ ಎದುರಿಗೆ ಒಂದು ಬಸ್ಸಿನ ಹೊಟ್ಟೆ. ನಮ್ಮ ಬೀದಿಯಲ್ಲಿ ಹಾಲಿನ ಗಾಡಿಯೇ ಉಸಿರು ಬಿಗಿಹಿಡಿದು ಹೋಗಬೇಕು. ಅಷ್ಟು ದೊಡ್ಡ ಬಸ್ಸು ಒಳಗೆ ಹೇಗೆ ಬಂತೆಂದು ಅದರ ಡ್ರೈವರನಿಗೂ ಗೊತ್ತಿರಲಿಲ್ಲ. ಬಾಗಿಲು ಗೋಡೆಗೆ ತಾಗುವುದರಿಂದ ಜನ ಒಬ್ಬೊಬ್ಬರಾಗಿ ಅಡ್ಡಡ್ಡ ಇಳಿದರು. ಎಲ್ಲರೂ ಅರವತ್ತು ದಾಟಿದವರು. ಎಲ್ಲರೂ ಶನಿವಾರದ ಒಳ್ಳೆಯ ಕೋಟು ಹಾಕಿದವರು. ಕೊನೆಗೆ ಸಾಮಾನಿನ ಗೂಡಿನಿಂದ ಕಂಬಳಿ ಸುತ್ತಿದ ಮೂರು ಕಂಪ್ಯೂಟರ್‌ಗಳನ್ನು, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ ಇಳಿಸಿದರು.

ಮುಂದೆ ನಿಂತದ್ದು ರೋಸ್ವಿತಾ. ನಿವೃತ್ತ ಗಣಿತದ ಟೀಚರ್, ಆರಡಿ ಎತ್ತರ.

"ಫ್ರಾವ್ ಪೋಸ್ತ್ಮಾ?" ಎಂದು ನಮ್ಮ ಮನೆತನದ ಹೆಸರು ಹಿಡಿದು ಕೇಳಿದರು.

ಡ್ಯೂಕೆ ಏಪ್ರನ್ನಿನಲ್ಲಿದ್ದಳು. ತಲೆ ಆಡಿಸಿದಳು.

ರೋಸ್ವಿತಾ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಇದ್ದಾರೆ. ನಿಜವಾಗಿಯೂ ಇದ್ದಾರೆ."

ಮೂವತ್ತೇಳು ಜನ ಚಪ್ಪಾಳೆ ತಟ್ಟಿದರು. ಯಾವುದೋ ಕಂಪನಿ ಬರೆದು ಸುಳ್ಳು ವಿಳಾಸ ಹಾಕಿದೆಯೆಂದು ಅವರ ಸಂಘದಲ್ಲಿ ಅರ್ಧದಷ್ಟು ಜನ ವಾದಿಸಿದ್ದರಂತೆ.

ಅವರ ಕಡೆಯ ಮಾತೂ ನಮ್ಮ ಫ್ರೀಸಿಯನ್ ಮಾತೂ ಅಕ್ಕತಂಗಿಯರ ಹಾಗೆ. ನಿಧಾನವಾಗಿ ಆಡಿದರೆ ಎರಡು ಕಡೆಯವರಿಗೂ ಮುಕ್ಕಾಲು ತಿಳಿಯುತ್ತದೆ. ತಿಳಿಯದ ಕಾಲಿಗೆ ಕೈ ಇದೆ.

"ಕಾರ್ಡು ತಮಾಷೆ ಅಂದ್ಕೊಂಡಿದ್ವಿ. ಬರೋ ಮೊದ್ಲು ಒಂದು ಮಿಂಚಂಚೆನೂ ಹಾಕಬಹುದಿತ್ತಲ್ಲ," ಎಂದೆ ನಾನು. ಮನೆಯಲ್ಲಿ ಇದ್ದದ್ದು ಆರು ಕುರ್ಚಿ.

"ಅದೇ ತಾನೇ ತೊಂದರೆ," ಎಂದರು ರೋಸ್ವಿತಾ. "ಮಿಂಚಂಚೆ ವಿಳಾಸದಲ್ಲಿ ಕೋತಿ ಬೇಡವಾ? ಕೋತಿ ಒತ್ತಿದ ತಕ್ಷಣ ನಿಮ್ಮ ಹೆಬ್ಬಾತು ಬಂದು ತಿಂದು ಹೋಗುತ್ತೆ."

ಆಗ ಅರ್ಥವಾಯಿತು. ವಿಳಾಸದ ನಡುವೆ ಬರುವ ಸುತ್ತಿದ ಅಕ್ಷರ, @, ನಮ್ಮವರ ಬಾಯಲ್ಲಿ ಕೋತಿಬಾಲ. ಜರ್ಮನರ ಬಾಯಲ್ಲಿ ಇಡೀ ಕೋತಿ.

"ಹೆಬ್ಬಾತನ್ನ ತೆಗೆದುಹಾಕಿದ್ರೆ ಆಗ್ತಿತ್ತಲ್ಲ," ಎಂದು ಡ್ಯೂಕೆ ಮೆಲ್ಲಗೆ ಕೇಳಿದಳು. ಅವಳು ಆಡಿದ ಮೊದಲ ಮಾತು ಅದು.

ಗುಂಪಿನಲ್ಲಿ ಗೊಣಗಾಟ ಎದ್ದಿತು. ತೆಗೆಯುವುದೇ? ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಐಲರ್ಟ್ ಎಂಬ ದುಂಡಗಿನ ಮುದುಕ ಮುಂದೆ ಬಂದ. "ಅಮ್ಮಾ, ನನ್ನ ಹೆಂಡತಿ ಬೆಳಿಗ್ಗೆ ನನಗಿಂತ ಮೊದ್ಲು ಅದನ್ನ ಮಾತಾಡಿಸ್ತಾಳೆ. ಅದು ಇರ್ಲೇಬೇಕು. ನಾವೆಲ್ಲ ಒಂದು ಕಡತದಲ್ಲಿ ಒಂದು ಕೋತಿ ಸಾಕಿಟ್ಟಿದೀವಿ. ಬೇಕಾದಾಗ ಅಲ್ಲಿಂದ ನಕಲು ಮಾಡಿ ಅಂಟಿಸ್ಕೋತೀವಿ. ಆದ್ರೆ ಹಾಗೇ ಎಷ್ಟು ದಿನ?"

ಪಕ್ಕದ ಮನೆಯ ಯಿಕ್ಕೆ ಬೇಲಿಯ ಮೇಲಿಂದ ಕುರ್ಚಿ ದಾಟಿಸತೊಡಗಿದಳು. ಬಸ್ಸು ದಾರಿ ಕಟ್ಟಿದ್ದರಿಂದ ಸೈಕಲ್ ಇಳಿದು ನೋಡಲು ಬಂದ ವೀಬೆಯ ಕೈಗೂ ಅವಳು ಎರಡು ಕುರ್ಚಿ ಕೊಟ್ಟಳು. "ನಾನು ಸಂಘದ ಅಧ್ಯಕ್ಷ," ಎಂದ ವೀಬೆ. "ಒಳ್ಳೇದು, ಆ ಬೆಂಚಿನ ಇನ್ನೊಂದು ತುದಿ ಹಿಡ್ಕೋ," ಎಂದಳು ಯಿಕ್ಕೆ.

ನಾನು ಕಾಫಿ ಮಾಡಿದೆ. ದೊಡ್ಡ ಪಾತ್ರೆಯ ತುಂಬ. ಮೊದಲ ತಟ್ಟೆ ಹೊರಗೆ ತಂದಾಗ ಮೂವತ್ತೆಂಟು ಮುಖಗಳೂ ಸೌಜನ್ಯದಿಂದ ಬಾಡಿದವು. ಲೇರ್ ಕಡೆಯವರು ಚಹಾ ಬಿಟ್ಟು ಬೇರೆ ಕುಡಿಯುವುದಿಲ್ಲವೆಂದು ನಾನು ಮರೆತೇಬಿಟ್ಟಿದ್ದೆ.

"ನಾಲ್ಕನೇ ಮಾತಿನಲ್ಲಿ ಕಾಫಿ ಅಂತ ಬರೆದಿತ್ತು. ಆದ್ದರಿಂದ ನಾವು ಸಿದ್ಧರಾಗಿ ಬಂದಿದೀವಿ," ಎಂದರು ರೋಸ್ವಿತಾ. ಬಸ್ಸಿನಿಂದ ಕೆಟಲ್, ಕಲ್ಲುಸಕ್ಕರೆ, ಕೆನೆ, ಹೂವಿನ ಚಿತ್ರದ ನಲವತ್ತು ಬಟ್ಟಲು ಇಳಿದವು. ನನ್ನ ಕಾಫಿಯನ್ನು ವೀಬೆ ಒಬ್ಬನೇ ಕುಡಿದ.

ಒಳಗೆ ಡ್ಯೂಕೆ ಐಲರ್ಟನನ್ನು ಅವನದೇ ಕಂಪ್ಯೂಟರ್ ಮುಂದೆ ಕೂರಿಸಿ ಅವನ ವಿಳಾಸ ಬರೆಯಲು ಹೇಳಿದಳು. ಅವನು ಎರಡು ಬೆರಳಿನಲ್ಲಿ, ಈರುಳ್ಳಿ ಹೆಚ್ಚುವ ಗಮನದಿಂದ ಬರೆದ. ಹಿಂದೆ ಹನ್ನೆರಡು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕೋತಿಯ ಜಾಗ ಬಂತು. ಹೆಬ್ಬಾತು ನಡೆದು ಬಂದು, ಬಾಣ ತೋರಿಸಿ, ನನ್ನ ದನಿಯಲ್ಲಿ ಕೂಗಿ ಹೋಯಿತು. ಪರದೆಯ ಮೇಲೆ ಕೋತಿ ಇಲ್ಲ.

"ಕೂಗೋದು ಇವನೇ," ಎಂದು ಯಿಕ್ಕೆ ಕಿಟಕಿಯಿಂದ ನನ್ನತ್ತ ಬೆರಳು ಮಾಡಿದಳು. ಆಮೇಲೆ ನನ್ನ ಗತಿ ಕೇಳಬೇಡಿ. ಅಂಗಳದಲ್ಲಿ ನನ್ನನ್ನು ಬೆಂಚಿನ ಮೇಲೆ ಹತ್ತಿಸಿ ಕೂಗಿಸಿದರು. ಹೆಬ್ಬಾತು ಸಿಟ್ಟು ಬಂದಾಗ ಹೇಗೆ, ಮರಿ ಕಳೆದಾಗ ಹೇಗೆ, ಸುಮ್ಮನೆ ಹರಟುವಾಗ ಹೇಗೆ. ಊರ ಹೊರಗಿನ ಗದ್ದೆಯಿಂದ ನಿಜವಾದ ಒಂದು ಹಿಂಡು ಎದ್ದು ನಮ್ಮ ಮಾಡಿನ ಮೇಲೆ ಎರಡು ಸುತ್ತು ಹಾಕಿ, ಮೋಸವೆಂದು ತಿಳಿದು ವಾಪಸು ಹೋಯಿತು. ಒಬ್ಬ ಮುದುಕಿ ನಕ್ಕು ನಕ್ಕು ಯಿಕ್ಕೆಯ ಹೆಗಲು ಹಿಡಿದು ಕೂತುಬಿಟ್ಟಳು.

ನಾನು ಒಳಗೆ ಬಂದಾಗ ಡ್ಯೂಕೆ ಪರದೆಗೆ ಬೆನ್ನು ಹಾಕಿ ಕೂತಿದ್ದಳು.

"ಇನ್ನೊಂದ್ಸಲ ಬರೀರಿ," ಎಂದಳು ಐಲರ್ಟನಿಗೆ. "ನಾನು ಪರದೆ ನೋಡಲ್ಲ. ನಿಮ್ಮ ಕೈ ನೋಡ್ತೀನಿ."

ಅವನು ಬರೆದ. ಕೋತಿಯ ಜಾಗದಲ್ಲಿ ಬಲಗಡೆಯ ಆಲ್ಟ್ ಒತ್ತಿ ಹಿಡಿದು, ಎಡಗೈಯಲ್ಲಿ ಕ್ಯೂ ಒತ್ತಿದ.

"ಕೋತಿ ಅಲ್ಲಿದೆಯಾ ನಿಮಗೆ?" ಎಂದಳು ಡ್ಯೂಕೆ. "ಕ್ಯೂ ಜೊತೆಗಾ?"

"ಮತ್ತೆಲ್ಲಿ ಇರುತ್ತೆ?"

"ನಮಗೆ ಎರಡರ ಅಂಕಿ ಮೇಲಿದೆ." ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಹೆಜ್ಜೆ ಮುಂದಿಟ್ಟೆ. ನಗುತ್ತಿದ್ದಳು. "ಜರ್ಮನ್ ಕೀಲಿಮಣೆಯಲ್ಲಿ ಬಲಗಡೆ ಆಲ್ಟ್ ಒತ್ತಿದ್ರೆ, ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದ ಹಾಗೆ ಲೆಕ್ಕ. ಅದಕ್ಕೆ ಕ್ಯೂ ಸೇರಿದ್ರೆ ಹೆಬ್ಬಾತಿನ ಕರೆ ಆಯ್ತು. ಅದರದ್ದೇನೂ ತಪ್ಪಿಲ್ಲ. ನೀವು ಕರೀತಾ ಇದ್ರಿ, ಅದು ಬರ್ತಾ ಇತ್ತು."

ಬ್ರೇಮನ್ ಮುದುಕಿಯ ಪ್ರೀತಿಯ ಹೆಬ್ಬಾತಿನ ಗುಟ್ಟೂ ಅದೇ. ಅವಳು ದಿನಾ ಯಾರಿಗೋ ಮಿಂಚಂಚೆ ಬರೆಯುತ್ತಿದ್ದಿರಬೇಕು.

"ಹಾಗಾದರೆ ಬೇರೆ ಗುಂಡಿ ಕೊಟ್ಟರೆ ಮುಗೀತು," ಎಂದರು ರೋಸ್ವಿತಾ. ನಿಜವಾದ ಗಲಾಟೆ ಶುರುವಾದದ್ದು ಆಗ.

ಯಾವ ಗುಂಡಿ? ಎಫ್ ಒಂಬತ್ತು ಎಂದಳು ಡ್ಯೂಕೆ. ಅದರಲ್ಲಿ ನನ್ನ ಗಡಿಯಾರವಿದೆ ಎಂದ ಒಬ್ಬ. ಎಫ್ ಹನ್ನೊಂದು? ಅದು ಪರದೆಯ ಚಿತ್ರ ಹಿಡಿಯುವ ಪ್ರೋಗ್ರಾಮಿನದು, ಮುಟ್ಟಕೂಡದು. ಕಂಟ್ರೋಲ್ ಜೊತೆ ಸೊನ್ನೆ? ಅದು ನನ್ನ ಕ್ಯಾಲೆಂಡರು. ಶಿಫ್ಟ್ ಜೊತೆ ಸ್ಪೇಸ್? ಅಯ್ಯೋ, ಅದನ್ನು ಒತ್ತಿದರೆ ನನ್ನ ಪರದೆಯಲ್ಲಿ ಹಿಮ ಬೀಳುತ್ತದೆ. ಒಬ್ಬೊಬ್ಬರೂ ಮೂವತ್ತು ನಲವತ್ತು ಬಿಟ್ಟಿ ಪ್ರೋಗ್ರಾಮು ತುಂಬಿಕೊಂಡವರು, ಪ್ರತಿ ಗುಂಡಿಯ ಮೇಲೂ ಯಾರದೋ ಜೀವ ಕೂತಿತ್ತು. ವೀಬೆ ಕುರ್ಚಿಯ ಮೇಲೆ ನಿಂತು, "ಅಕ್ಷರದ ಕ್ರಮದಲ್ಲಿ ಹೋಗೋಣ, ಅಕ್ಷರದ ಕ್ರಮದಲ್ಲಿ," ಎಂದು ಕೂಗುತ್ತಿದ್ದ. ಯಾರೂ ಕೇಳಲಿಲ್ಲ.

"ಒಂದು ನಿಮಿಷ," ಎಂದಳು ಡ್ಯೂಕೆ. ದನಿ ದೊಡ್ಡದಿರಲಿಲ್ಲ, ಆದರೂ ಎಲ್ಲರೂ ಅವಳತ್ತ ತಿರುಗಿದರು. ಅವಳು ಕೀಲಿಮಣೆಯ ಮೇಲ್ಗಡೆ ಬಲತುದಿಯ ಗುಂಡಿಯನ್ನು ತೋರಿಸಿದಳು. "ಪಾಸ್, ಅಂದ್ರೆ ತುಸು ನಿಲ್ಲು. ಇದನ್ನ ಯಾರಾದ್ರೂ ಯಾವತ್ತಾದ್ರೂ ಒತ್ತಿದೀರಾ?"

ಎಲ್ಲರೂ ಬಗ್ಗಿ ನೋಡಿದರು.

"ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ನೋಡ್ತಿದೀನಿ," ಎಂದರು ರೋಸ್ವಿತಾ, ಗೌರವದಿಂದ. "ಅದು ಯಾತಕ್ಕಿದೆ ಅಂತ ಗೊತ್ತಿಲ್ಲ."

"ಹೆಬ್ಬಾತಿಗೆ ಇದೆ," ಎಂದ ಐಲರ್ಟ್.

ಅರ್ಧ ಗಂಟೆಯಲ್ಲಿ ಅವಳು ಹೊಸ ಪ್ರೋಗ್ರಾಮು ಕಟ್ಟಿದಳು. ಐಲರ್ಟ್ ತನ್ನ ವಿಳಾಸವನ್ನು ಬರೆದ. ಕೋತಿ ಬಂದು ಕೂತಿತು. ಯಾರೂ ತಿನ್ನಲಿಲ್ಲ. ಅವನು ಇನ್ನೊಂದು ಕೋತಿ ಒತ್ತಿದ, ಆಮೇಲೆ ಹತ್ತು, ಆಮೇಲೆ ಬೆರಳು ತೆಗೆಯದೆ ಪರದೆಯ ತುಂಬ ಕೋತಿ. ಕೊನೆಗೆ ಪಾಸ್ ಒತ್ತಿದಾಗ ಹೆಬ್ಬಾತು ಅಷ್ಟೂ ಕೋತಿಗಳ ಮೇಲೆ ಹಾದು ಬಾಣದ ಹತ್ತಿರ ಹೋಗಿ ನಿಂತಿತು. ಐಲರ್ಟ್ ಎದ್ದು ಡ್ಯೂಕೆಯನ್ನು ಸೊಂಟ ಹಿಡಿದು ಒಂದು ಸುತ್ತು ತಿರುಗಿಸಿ ಇಳಿಸಿದ. ನಮ್ಮಲ್ಲಿ ಹಾಗೆಲ್ಲ ಮಾಡುವುದಿಲ್ಲ. ಅವಳ ಕನ್ನಡಕ ಹೂವಿನ ಕುಂಡದಲ್ಲಿ ಸಿಕ್ಕಿತು.

ಫ್ಲಾಪಿಗಳಿಗೆ ಇಳಿಸುವ ಕೆಲಸ ಶುರುವಾಯಿತು. ಬೆಂಕಿ ಬಿದ್ದ ಮನೆಗೆ ನೀರಿನ ಬಕೆಟ್ ದಾಟಿಸುವ ಹಾಗೆ ಅಂಗಳದಿಂದ ಒಳಕೋಣೆಗೆ ಸಾಲಾಗಿ ನಿಂತು ಫ್ಲಾಪಿ ದಾಟಿಸಿದರು. ಖಾಲಿ ಒಳಗೆ, ತುಂಬಿದ್ದು ಹೊರಗೆ. ನಾಲ್ಕು ಕಂಪ್ಯೂಟರ್ ಒಟ್ಟಿಗೆ ಗೊರಗೊರ ಎನ್ನುತ್ತಿದ್ದವು. ಸಾಲಿನಲ್ಲಿ ಲವಂಗದ ಚೀಸು, ಸಕ್ಕರೆ ಬ್ರೆಡ್ಡಿನ ಚೂರುಗಳೂ ಹೋಗುತ್ತಿದ್ದವು. ಒಂದು ಸಲ ಚೀಸು ಫ್ಲಾಪಿಯ ದಾರಿಯಲ್ಲಿ ಹೋಯಿತು, ಡ್ಯೂಕೆ ಅದನ್ನು ಕಂಪ್ಯೂಟರಿಗೆ ತುರುಕುವ ಮೊದಲು ನೋಡಿದ್ದು ಪುಣ್ಯ. ವೀಬೆ ಪ್ರತಿ ಫ್ಲಾಪಿಗೂ ಚೀಟಿ ಅಂಟಿಸುತ್ತಿದ್ದ. ಸಂಜೆ ನಾಲ್ಕರ ಹೊತ್ತಿಗೆ ಅವನು ಅವಳ ಬಳಿ ಬಂದು, "ಚೀಟಿ ಮೇಲೆ ಬರೆದವರ ಹೆಸರು ಏನಂತ ಹಾಕ್ಲಿ?" ಎಂದು ಕೇಳಿದ. ಅವಳು ಪೂರ್ತಿ ಹೆಸರು ಹೇಳಿದಳು. ಅವನು ಬರೆದುಕೊಂಡ.

ಹೊರಡುವ ಹೊತ್ತಿಗೆ ರೋಸ್ವಿತಾ ಬಾಗಿಲಲ್ಲಿ ನಿಂತರು. "ಲೇರ್‌ನಲ್ಲಿ ನೀವು ಇಲ್ಲವೇ ಇಲ್ಲ ಅನ್ನುವ ಇಪ್ಪತ್ತೆರಡು ಜನ ಸಂಘದ ಕೋಣೆಯಲ್ಲಿ ಕಾಯ್ತಾ ಇದ್ದಾರೆ. ಬನ್ನಿ ನಮ್ಮ ಜೊತೆ. ನಾಳೆ ರೈಲಿಗೆ ಬಿಡ್ತೀನಿ."

ಡ್ಯೂಕೆ ನನ್ನನ್ನು ನೋಡಿದಳು. ನಮ್ಮ ಮದುವೆಯಾಗಿ ಮೂವತ್ತಾರು ವರ್ಷ. ಗಡಿ ಎರಡು ಗಂಟೆಯ ದಾರಿ, ಒಮ್ಮೆಯೂ ದಾಟಿದವರಲ್ಲ.

"ಬಟ್ಟೆ ಬದಲಾಯಿಸ್ಬೇಕು," ಎಂದಳು.

"ಬದಲಾಯಿಸೋಕೆ ಹೋದ್ರೆ ನೀನು ಯೋಚನೆ ಮಾಡ್ತೀಯಾ," ಎಂದೆ. "ಯೋಚನೆ ಮಾಡಿದ್ರೆ ಬರಲ್ಲ. ಹತ್ತು."

ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಅವಳು ಬಸ್ಸು ಹತ್ತಿದಳು. ಬಸ್ಸನ್ನು ಹಿಂದಕ್ಕೆ ತೆಗೆಸುವ ಕೆಲಸ ನನಗೆ ಬಿತ್ತು. ಸೇತುವೆಯವನಿಗೆ ಅಳತೆ ಗೊತ್ತು. ಬೀದಿಯ ಎರಡೂ ಕಡೆ ಜನ ಕಿಟಕಿ ಬಾಗಿಲುಗಳನ್ನು ಮಡಚಿ ಹಿಡಿದರು. ಒಂದೊಂದು ಗೇಣಾಗಿ ನಾನು ಆ ಬಸ್ಸನ್ನು ಮುಖ್ಯ ರಸ್ತೆಗೆ ಬಿಡಿಸಿ ತಂದು, ಓಡಿ ಹತ್ತಿದೆ.

ದಾರಿಯಲ್ಲಿ ಐಲರ್ಟ್ ಬಸ್ಸಿನ ಮೈಕನ್ನು ಅವಳ ಕೈಗೆ ಕೊಟ್ಟ. ಸಂಘದ ಸಭೆಯಲ್ಲಿ ಆರು ವರ್ಷ ಒಂದೆರಡು ಮಾತಿಗಿಂತ ಹೆಚ್ಚು ಆಡದವಳು ಬೇಡವೆನ್ನುತ್ತಾಳೆಂದು ನಾನು ತಿಳಿದೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬಾತಿಗೆ ನಡಿಗೆ ಕಲಿಸಲು ಹದಿನಾಲ್ಕು ಚಿತ್ರ ಬರೆದದ್ದು, ಮೊದಲ ವಾರ ಅದು ಹಿಂದಕ್ಕೇ ನಡೆದದ್ದು, ಒಮ್ಮೆ ಪರದೆಯಿಂದ ಆಚೆ ಹೋಗಿ ವಾಪಸು ಬಾರದೆ ಇಡೀ ರಾತ್ರಿ ಎಲ್ಲೋ ಕೂಗುತ್ತಿದ್ದದ್ದು, ಎಲ್ಲವನ್ನೂ ಹೇಳಿದಳು. ಬಸ್ಸು ನಕ್ಕು ನಕ್ಕು ಒಂದು ಕಡೆಗೆ ವಾಲಿತೆಂದು ಡ್ರೈವರ್ ದೂರಿದ. ಗಡಿ ಯಾವಾಗ ದಾಟಿದೆವೋ ಯಾರೂ ನೋಡಲಿಲ್ಲ.

ಲೇರ್‌ನ ಇಪ್ಪತ್ತೆರಡು ಜನ ಅವಳನ್ನು ಕಣ್ಣಾರೆ ಕಂಡು, ಕೈ ಕುಲುಕಿ, ಸೋಲೊಪ್ಪಿಕೊಂಡರು. ತಿಂಗಳಿಗೊಮ್ಮೆ ಬಂದು ತಮಗೂ ಪ್ರೋಗ್ರಾಮು ಬರೆಯಲು ಕಲಿಸಬೇಕೆಂದು ಅಲ್ಲೇ ಕೇಳಿದರು. ಅವಳು ನನ್ನನ್ನು ಕೇಳದೆಯೇ ಆಗಲೆಂದು ಒಪ್ಪಿದಳು.

ಮರುದಿನ ಬೆಳಿಗ್ಗೆ ರೋಸ್ವಿತಾ ಅವರ ಅಡುಗೆಮನೆಯಲ್ಲಿ ಕೂತಿದ್ದೆವು. ಬಿಸಿ ಚಹಾ ಬಿದ್ದು ಕಲ್ಲುಸಕ್ಕರೆ ಚಟಪಟ ಎನ್ನುತ್ತಿತ್ತು. ಡ್ಯೂಕೆ ಒಂದು ಪೆನ್ಸಿಲು, ಒಂದು ಹಾಳೆ ಕೇಳಿ ತೆಗೆದುಕೊಂಡಳು.

"ಹೇಳಿ," ಎಂದಳು. "ಕಂಪ್ಯೂಟರಿನಲ್ಲಿ ನಿಮಗೆ ಇನ್ನೇನು ಕಾಟ ಇದೆ?"

ರೋಸ್ವಿತಾ ಕಿಟಕಿ ತೆರೆದು ಬೀದಿಯಲ್ಲಿ ಹೋಗುತ್ತಿದ್ದ ಐಲರ್ಟನನ್ನು ಕರೆದರು. ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದ. ಮೊದಲ ಹಾಳೆ ತುಂಬಿ ಎರಡನೆಯದಕ್ಕೆ ಕೈ ಹಾಕಿದಾಗ ಅವಳ ಮುಖದಲ್ಲಿ, ಮದುವೆಗೆ ಮೊದಲು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುತ್ತ ಬರುತ್ತಿದ್ದವಳ ಕಳೆ ಇತ್ತು. ನಮ್ಮ ರೈಲು ಹನ್ನೊಂದಕ್ಕೆ. ಹತ್ತು ಮುಕ್ಕಾಲು ತೋರಿಸುತ್ತಿದ್ದ ಗೋಡೆಯ ಗಡಿಯಾರ ನನ್ನ ಕಡೆಗೆ ಇತ್ತು, ಅವಳ ಕಡೆಗೆ ಇರಲಿಲ್ಲ. ನಾನು ಸುಮ್ಮನೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿಕೊಂಡೆ.